ಮಳೆಗಾಲದಲ್ಲಿ ಸ್ಟೋರ್ ರೂಮಿನ ಥಂಡಿ ಇಳಿಸುವುದು ಹೇಗೆ: ದಾವಣಗೆರೆ ಸೀಮೆಯ ಮನೆಗಳಿಗೆ ಸಮಗ್ರ ಮಾರ್ಗದರ್ಶಿ

ಗಾಳಿಯಲ್ಲಿ ತೇವ ಇದೆಯೋ ಇಲ್ಲವೋ ಅನ್ನುವುದನ್ನು ದಾವಣಗೆರೆಯವರು ಮಂಡಕ್ಕಿ ನೋಡಿಯೇ ಹೇಳುತ್ತಾರೆ. ಆರಿದ್ರ ಮಳೆ ಹಿಡಿದ ದಿನ ಒಂದು ತಟ್ಟೆ ಮಂಡಕ್ಕಿ ಹೊರಗಿಟ್ಟು ನೋಡಿ, ನೋಡನೋಡುತ್ತಲೇ ಮೆತ್ತಗಾಗುತ್ತದೆ. ಮಾರ್ಚ್ ತಿಂಗಳಲ್ಲಿ ಅದೇ ಮಂಡಕ್ಕಿ ಸಂಜೆವರೆಗೂ ಗರಿಗರಿಯಾಗಿರುತ್ತದೆ. ಸ್ಟೋರ್ ರೂಮಿನಲ್ಲಿಟ್ಟ ಮೆಕ್ಕೆಜೋಳಕ್ಕೆ, ಶೇಂಗಾಕ್ಕೆ, ಒಣಮೆಣಸಿನಕಾಯಿಗೆ ಆಗುವುದೂ ಇದೇ. ಅಲ್ಲಿ ನಿಧಾನಕ್ಕೆ ಆಗುತ್ತದೆ, ಅಷ್ಟೇ. ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಬೂಷ್ಟು ಕಟ್ಟಿರುತ್ತದೆ.

ನಮ್ಮ ಊರು ದಾವಣಗೆರೆ–ಹರಿಹರದ ನಡುವೆ, ಭದ್ರಾ ನಾಲೆಯ ಪಕ್ಕ. ಸುತ್ತ ಗದ್ದೆ, ಕೆಳಗೆ ಎರೆಮಣ್ಣು. ಜಗಳೂರು, ಚಳ್ಳಕೆರೆ ಕಡೆಯವರಿಗೆ ಈ ಕಷ್ಟ ಅಷ್ಟಾಗಿ ಗೊತ್ತಿಲ್ಲ, ಅಲ್ಲಿ ಮಳೆಯೇ ಕಡಿಮೆ. ನಾಲೆ ಬಯಲಿನವರು, ಚನ್ನಗಿರಿ ಕಡೆಯವರು ಜೂನ್‌ನಿಂದ ಅಕ್ಟೋಬರ್‌ವರೆಗೆ ಇದರ ಜೊತೆಗೇ ಬದುಕಬೇಕು. ಕೆಲವು ವರ್ಷಗಳ ಹಿಂದೆ ಒಳ್ಳೆ ರೇಟು ಬರಲಿ ಅಂತ ಮೆಕ್ಕೆಜೋಳ ಇಟ್ಟುಕೊಂಡಿದ್ದೆ. ಜುಲೈ ಕೊನೆಗೆ ಗೋಡೆ ಕಡೆಯ ಏಳು ಚೀಲ ಹಾಳಾಗಿದ್ದವು. ಚೀಲದೊಳಗೆ ಕೈ ಹಾಕಿದರೆ ಬಿಸಿ, ಮುಗ್ಗಲು ವಾಸನೆ, ಕಾಳಿನ ಮೂತಿಯಲ್ಲಿ ಹಸಿರು ಪುಡಿ. ಆ ವರ್ಷ ದಿನಾ ಮಧ್ಯಾಹ್ನ ತಪ್ಪದೆ ಕಿಟಕಿ ತೆಗೆದಿಟ್ಟಿದ್ದೆ. ತೇವ ಒಳಗೆ ಬಂದಿದ್ದೇ ಅಲ್ಲಿಂದ ಅನ್ನುವುದು ಆಮೇಲೆ ತಿಳಿಯಿತು. ಅಲ್ಲಿಂದ ಈವರೆಗೆ ಕಲಿತದ್ದನ್ನು ಮಾಡಬೇಕಾದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೊದಲು ನೀರಿನ ಲೆಕ್ಕ

ಮುಂದಿನದ್ದೆಲ್ಲ ಈ ಲೆಕ್ಕದ ಮೇಲೆ ನಿಂತಿದೆ. ನಮ್ಮ ಸ್ಟೋರ್ ರೂಮು 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರ. ಅಂದರೆ ಸುಮಾರು 34 ಘನ ಮೀಟರ್ ಗಾಳಿ. 25 ಡಿಗ್ರಿ ಬಿಸಿ, ಶೇ. 80 ತೇವ ಇರುವ ದಿನ ಆ ಇಡೀ ಕೋಣೆಯ ಗಾಳಿಯಲ್ಲಿರುವ ನೀರು ಸುಮಾರು 625 ಗ್ರಾಂ. ಮುಕ್ಕಾಲು ಲೀಟರೂ ಇಲ್ಲ. ಶೇ. 80ರಿಂದ 60ಕ್ಕೆ ಇಳಿಸಬೇಕಾದರೆ ತೆಗೆಯಬೇಕಾದದ್ದು ಬರೀ 155 ಗ್ರಾಂ, ಒಂದು ಲೋಟ ನೀರು.

ಈಗ ಕಾಳು ನೋಡಿ. ಶೇ. 16 ತೇವ ಇರುವ ಒಂದು ಕ್ವಿಂಟಲ್ ಮೆಕ್ಕೆಜೋಳ ಶೇ. 13ಕ್ಕೆ ಬರಬೇಕಾದರೆ ಸುಮಾರು ಮೂರೂವರೆ ಕೆ.ಜಿ. ನೀರು ಬಿಡಬೇಕು. ಹತ್ತು ಕ್ವಿಂಟಲ್ ಇಟ್ಟರೆ 35 ಲೀಟರ್. ಅಂದರೆ ಎರಡು ದೊಡ್ಡ ಬಿಂದಿಗೆ ನೀರನ್ನು ನಾವೇ ಹೊತ್ತು ತಂದು ಒಳಗಿಟ್ಟ ಹಾಗೆ. ಹಸಿ ಗೋಡೆ, ಹಸಿ ನೆಲ ಇದ್ದರೆ ಅದಕ್ಕೆ ಲೆಕ್ಕವೇ ಇಲ್ಲ, ಮಳೆಗಾಲ ಮುಗಿಯುವವರೆಗೂ ಕೊಡುತ್ತಲೇ ಇರುತ್ತದೆ.

ಅದಕ್ಕೇ ಗಾಳಿಯನ್ನು ಒಣಗಿಸುವ ಡಬ್ಬಿ, ಮಷಿನ್ನು ಕೊನೆಗೆ ನೋಡೋಣ. ನೀರು ಎಲ್ಲಿಂದ ಬರುತ್ತಿದೆ ಅಂತ ಮೊದಲು ಹುಡುಕಬೇಕು.

ಒಂದು ಮೀಟರ್ ತನ್ನಿ, ಉಪ್ಪಿನಿಂದ ಪರೀಕ್ಷೆ ಮಾಡಿ

ಡಿಜಿಟಲ್ ಹೈಗ್ರೋಮೀಟರ್ ಐನೂರು ರೂಪಾಯಿ ಒಳಗೆ ಸಿಗುತ್ತದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಬಿಸಿ ಎಷ್ಟು, ತೇವ ಶೇಕಡಾ ಎಷ್ಟು, ಎರಡನ್ನೂ ತೋರಿಸುತ್ತದೆ. ಸಾಧ್ಯವಾದರೆ ಎರಡು ತನ್ನಿ, ಒಳಗೊಂದು ಹೊರಗೊಂದು.

ಕಡಿಮೆ ಬೆಲೆಯ ಮೀಟರು ನಾಲ್ಕೈದು ಅಂಕ ಆಚೆ ಈಚೆ ತೋರಿಸುವುದು ಸಾಮಾನ್ಯ. ಅದನ್ನು ಮನೆಯಲ್ಲೇ ಸರಿ ನೋಡಬಹುದು. ಒಂದು ಬಾಟಲಿ ಮುಚ್ಚಳಕ್ಕೆ ಅಡುಗೆ ಉಪ್ಪು ತುಂಬಿ. ಮೇಲೆ ಕೆಲವು ಹನಿ ನೀರು ಬಿಡಿ. ಉಪ್ಪು ಕರಗಬಾರದು, ಒದ್ದೆ ಮರಳಿನ ಹಾಗೆ ಇರಬೇಕು. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಈ ಉಪ್ಪು, ಪಕ್ಕದಲ್ಲಿ ಮೀಟರು ಇಟ್ಟು ಮುಚ್ಚಿ. ಉಪ್ಪು ಮೀಟರಿಗೆ ತಾಗದಿರಲಿ. ರಾತ್ರಿ ಇಟ್ಟು ಬೆಳಿಗ್ಗೆ ಮುಚ್ಚಳ ತೆಗೆಯದೆ ನೋಡಿ. ಒದ್ದೆ ಉಪ್ಪಿನ ಮೇಲಿನ ಗಾಳಿ ಶೇ. 75ಕ್ಕೆ ಬಂದು ನಿಲ್ಲುತ್ತದೆ. ನಿಮ್ಮ ಮೀಟರು 79 ತೋರಿಸಿದರೆ ಅದು 4 ಜಾಸ್ತಿ ಹೇಳುತ್ತಿದೆ ಅಂತ ಅರ್ಥ. ಅದರ ಬೆನ್ನ ಮೇಲೆ ‘–4’ ಅಂತ ಪೆನ್ನಿನಲ್ಲಿ ಬರೆದುಬಿಡಿ.

ಮೀಟರನ್ನು ಕೋಣೆಯ ನಡುವೆ ಎದೆಮಟ್ಟದಲ್ಲಿ ತೂಗುಹಾಕಿ. ಒಂದು ವಾರ ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಮೂರಕ್ಕೆ, ರಾತ್ರಿ ಮಲಗುವ ಮುಂಚೆ ನೋಡಿ ಗೋಡೆ ಕ್ಯಾಲೆಂಡರಿನಲ್ಲೇ ಬರೆದಿಡಿ. ಮಧ್ಯೆ ಒಂದು ದಿನ ಮೀಟರನ್ನು ಚೀಲದ ಸಾಲಿನ ಹಿಂದೆ, ಗೋಡೆಯ ಸಂದಿಯಲ್ಲಿಡಿ. ನಮ್ಮಲ್ಲಿ ನಡುಕೋಣೆಯಲ್ಲಿ 72 ಇದ್ದಾಗ ಸಂದಿಯಲ್ಲಿ 84 ಇತ್ತು. ಹಾಳಾದ ಏಳು ಚೀಲವೂ ಅಲ್ಲೇ ಇದ್ದವು.

ಶೇ. 55ರಿಂದ 60 ಇದ್ದರೆ ತುಂಬಾ ಒಳ್ಳೆಯದು. 65ರವರೆಗೆ ಹೆದರಿಕೆ ಇಲ್ಲ. 70 ದಾಟಿ ದಿನಗಟ್ಟಲೆ ನಿಂತರೆ ಬೂಷ್ಟು ಬರುತ್ತದೆ. ಒಂದು ಸಂಜೆ 78 ಆಗಿ ಮತ್ತೆ ಇಳಿದರೆ ಏನೂ ಆಗುವುದಿಲ್ಲ, ಆ ಒಂದು ಅಂಕಿ ನೋಡಿ ಗಾಬರಿಯಾಗಬೇಡಿ.

ನೀರು ಬರುವ ದಾರಿ ಹುಡುಕುವುದು

ಎರಡು ಅಡಿ ಚೌಕದ ಪ್ಲಾಸ್ಟಿಕ್ ಹಾಳೆ ತಗೊಂಡು ನೆಲದ ಮೇಲೆ ಹಾಸಿ, ನಾಲ್ಕೂ ಅಂಚಿಗೆ ಅಗಲ ಟೇಪು ಒತ್ತಿ ಅಂಟಿಸಿ. ಇನ್ನೊಂದನ್ನು ಗೋಡೆಗೆ, ನೆಲದಿಂದ ಒಂದು ಅಡಿ ಮೇಲೆ ಅಂಟಿಸಿ. ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕೂತಿದ್ದರೆ ನೀರು ನೆಲದಿಂದ ಅಥವಾ ಗೋಡೆಯಿಂದ ಬರುತ್ತಿದೆ. ಹೊರಮೈ ಒದ್ದೆಯಾಗಿದ್ದರೆ ಗಾಳಿಯ ತೇವ ತಣ್ಣನೆ ಜಾಗ ಸಿಕ್ಕಲ್ಲಿ ಬೆವರಾಗಿ ಕೂತಿದೆ. ಎರಡಕ್ಕೂ ಮದ್ದು ಬೇರೆ ಬೇರೆ. ಖರ್ಚು ಇಪ್ಪತ್ತು ರೂಪಾಯಿಯೂ ಇಲ್ಲ, ದಯವಿಟ್ಟು ಇದನ್ನು ಮಾಡದೆ ಮುಂದೆ ಹೋಗಬೇಡಿ.

ಗೋಡೆಯನ್ನು ಕಣ್ಣಿನಿಂದಲೂ ಓದಬಹುದು. ಬುಡದಿಂದ ಎರಡು ಮೂರು ಅಡಿವರೆಗೆ ಸುಣ್ಣ ಉಬ್ಬಿ, ಬಿಳಿ ಉಪ್ಪಿನ ಪುಡಿ ಉದುರುತ್ತಿದ್ದರೆ ನೆಲದ ನೀರು ಗೋಡೆ ಏರಿದೆ. ಮೇಲಿನಿಂದ ಕಂದು ಕಲೆ ಇಳಿದಿದ್ದರೆ ಸೂರು ಸೋರುತ್ತಿದೆ. ಗೋಡೆಯ ನಡುವೆ ಒಂದೇ ಕಡೆ ಕಲೆ ಇದ್ದರೆ ಆಚೆ ಬದಿಯಲ್ಲಿ ಬಚ್ಚಲೋ ನಲ್ಲಿ ಪೈಪೋ ಇರುತ್ತದೆ. ಮೂಲೆಗಳಲ್ಲಿ ಮಾತ್ರ ಕಪ್ಪು ಚುಕ್ಕೆ ಇದ್ದರೆ ಅದು ಗಾಳಿಯಾಡದ ಜಾಗದ ಬೂಷ್ಟು.

ಮನೆ ಹೊರಗಿನ ಕೆಲಸ ಮೊದಲು

ನಮ್ಮ ಮನೆಯ ಹಿಂದೆ ಸೂರಿನ ನೀರು ನೇರ ಗೋಡೆ ಬುಡಕ್ಕೇ ಬೀಳುತ್ತಿತ್ತು. ಪಕ್ಕದಲ್ಲೇ ಬಚ್ಚಲ ನೀರಿನ ಗುಂಡಿ, ಅದರಾಚೆ ತಿಪ್ಪೆ. ಎರೆಮಣ್ಣು ಒಮ್ಮೆ ನೀರು ಕುಡಿದರೆ ಬಿಡುವುದಿಲ್ಲ. ಒಳಗೆ ಏನು ಮಾಡಿದರೂ ಗೋಡೆ ಒಣಗುತ್ತಿರಲಿಲ್ಲ. ಸೂರಿಗೆ ದೋಣಿ ಹಾಕಿಸಿ ಪೈಪಿನಲ್ಲಿ ನೀರನ್ನು ಹತ್ತು ಅಡಿ ಆಚೆ ಬಿಟ್ಟೆವು. ಬಚ್ಚಲ ನೀರನ್ನು ತೆಂಗಿನ ಗಿಡಕ್ಕೆ ತಿರುಗಿಸಿದೆವು. ಗೋಡೆಗೆ ಒರಗಿದ್ದ ಮಣ್ಣು ತೆಗೆದು, ಮೂರು ಅಡಿ ಅಗಲ ಕಲ್ಲು ಹಾಸಿ, ಹೊರಗಡೆಗೆ ಇಳಿಜಾರು ಕೊಟ್ಟೆವು. ಮಾರನೆ ಮಳೆಗಾಲಕ್ಕೆ ಸಂದಿಯ 84 ಇದ್ದದ್ದು 73ಕ್ಕೆ ಬಂತು. ಒಳಗೆ ಇನ್ನೂ ಕೈ ಹಚ್ಚಿರಲಿಲ್ಲ.

ತಗಡಿನ ಸೂರಾದರೆ ಬೋಲ್ಟಿನ ಕೆಳಗಿನ ವಾಷರ್ ನೋಡಿ, ಬಿಸಿಲಿಗೆ ಒಣಗಿ ಸೀಳಿರುತ್ತವೆ. ಆರ್‌ಸಿಸಿ ಆದರೆ ಮೇಲೆ ನೀರು ನಿಲ್ಲುವ ಜಾಗ, ಗೋಡೆ ಸೇರುವ ಮೂಲೆ, ಪೈಪಿನ ಬಾಯಿ. ಇದನ್ನೆಲ್ಲ ಮೇ ತಿಂಗಳೊಳಗೆ ಮುಗಿಸಬೇಕು.

ಹಸಿ ಗೋಡೆಗೆ ಪೇಂಟ್ ಹೊಡೆಸಿ ಮುಚ್ಚುವವರು ಬಹಳ ಜನ. ‘ವಾಟರ್‌ಪ್ರೂಫ್ ಹೊಡೆದ್ರೆ ಆಯ್ತು ಗೌಡ್ರೇ’ ಅಂತ ನಮಗೂ ಒಬ್ಬರು ಹೇಳಿದ್ದರು. ಹೊರಗಿನ ಗೋಡೆಗೆ ಅದು ಸರಿ, ಮಳೆ ತಡೆಯುತ್ತದೆ. ಬುಡದಿಂದ ನೀರು ಏರುತ್ತಿರುವ ಗೋಡೆಯ ಒಳಮೈಗೆ ಹೊಡೆದರೆ ನೀರಿಗೆ ಹೋಗಲು ದಾರಿ ಇಲ್ಲದೆ ಇನ್ನೂ ಮೇಲೆ ಏರುತ್ತದೆ. ಒಂದೆರಡು ವರ್ಷದಲ್ಲಿ ಪೇಂಟು ಹಪ್ಪಳದ ಹಾಗೆ ಏಳುತ್ತದೆ. ಅಂಥ ಗೋಡೆಗೆ ಸುಣ್ಣವೇ ವಾಸಿ, ಅದು ಉಸಿರಾಡುತ್ತದೆ. ಬೇಸಿಗೆಯಲ್ಲಿ ಗೋಡೆ ಒಣಗಲು ಬಿಡುತ್ತದೆ. ಹೊಸದಾಗಿ ಕಟ್ಟಿಸುವವರು ಪ್ಲಿಂತ್ ಮಟ್ಟದಲ್ಲಿ ತೇವ ತಡೆಯುವ ಪದರವನ್ನು, ನೆಲದ ಕಾಂಕ್ರೀಟಿನ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಮೇಸ್ತ್ರಿ ಹತ್ತಿರ ನಿಂತು ಹಾಕಿಸಿ. ಆಮೇಲೆ ಹಾಕಿಸಲು ಆಗುವುದಿಲ್ಲ.

ಹಸಿ ಕಾಳು ಒಳಗೆ ಬರಬಾರದು

ನಮ್ಮಲ್ಲಿ ಮೆಕ್ಕೆಜೋಳ ಮುರಿಯುವುದು ಅಕ್ಟೋಬರ್–ನವೆಂಬರ್‌ನಲ್ಲಿ. ಹಸ್ತ, ಚಿತ್ತೆ ಮಳೆ ಆಗ ಇನ್ನೂ ಇರುತ್ತವೆ. ರಾಶಿ ಮಾಡಿ ನಾಲ್ಕು ದಿನ ಬಿಸಿಲು ಕಂಡರೆ ಸಾಕು ಅಂತ ಚೀಲ ತುಂಬುತ್ತೇವೆ. ಬೆಂಬಲ ಬೆಲೆ ಖರೀದಿಯಲ್ಲಿ ಮೆಕ್ಕೆಜೋಳಕ್ಕೆ ಶೇ. 14ರವರೆಗೆ ತೇವ ಒಪ್ಪುತ್ತಾರೆ. ಅದು ಮಾರಾಟದ ಅಳತೆ. ಎಂಟು ತಿಂಗಳು ಇಡುವುದಾದರೆ 12–13ಕ್ಕೆ ಇಳಿಸಬೇಕು. ರಾಗಿ, ಬಿಳಿಜೋಳಕ್ಕೆ 12, ಭತ್ತಕ್ಕೆ 13, ಶೇಂಗಾ ಕಾಯಿಗೆ 8ರ ಆಸುಪಾಸು. ಶೇಂಗಾದಲ್ಲಿ ಎಣ್ಣೆ ಜಾಸ್ತಿ ಇರುವುದರಿಂದ ಅದಕ್ಕೆ ಇನ್ನೂ ಒಣಗು ಬೇಕು.

ಎಪಿಎಂಸಿಯಲ್ಲಿ ಖರೀದಿದಾರರ ಹತ್ತಿರ ಕಾಳಿನ ಮೀಟರ್ ಇರುತ್ತದೆ, ಒಂದು ಬೊಗಸೆ ಒಯ್ದು ತೋರಿಸಬಹುದು. ಮನೆಯಲ್ಲಾದರೆ ಉಪ್ಪಿನ ಸೀಸೆ ಪರೀಕ್ಷೆ ಇದೆ. ಚೆನ್ನಾಗಿ ಒಣಗಿದ ಗಾಜಿನ ಸೀಸೆಯ ಮೂರನೇ ಒಂದು ಭಾಗ ಕಾಳು ಹಾಕಿ. ಬಾಣಲೆಯಲ್ಲಿ ಬಿಸಿ ಮಾಡಿ ಆರಿಸಿದ ಉಪ್ಪು ಎರಡು ಮೂರು ಚಮಚ ಹಾಕಿ. ಮುಚ್ಚಿ ಒಂದು ನಿಮಿಷ ಅಲ್ಲಾಡಿಸಿ, ಕಾಲು ಗಂಟೆ ಬಿಡಿ. ಉಪ್ಪು ಗಾಜಿಗೆ ಅಂಟಿಕೊಂಡಿದ್ದರೆ ಕಾಳಿನಲ್ಲಿ ಶೇ. 15ಕ್ಕಿಂತ ಜಾಸ್ತಿ ನೀರಿದೆ, ಮತ್ತೆ ಬಿಸಿಲಿಗೆ ಹಾಕಿ. ಅಂಟದಿದ್ದರೆ 15ಕ್ಕಿಂತ ಕಡಿಮೆ. ಆದರೂ ಇನ್ನೆರಡು ದಿನ ಒಣಗಿಸಿ, ಯಾಕೆಂದರೆ ನಮಗೆ ಬೇಕಾದದ್ದು 13. ನಮ್ಮ ಅವ್ವ ಹಲ್ಲಲ್ಲಿ ಕಡಿದು, ಕಟ್ ಅಂತ ಸದ್ದು ಬಂದರೆ ಸರಿ ಅನ್ನುತ್ತಿದ್ದಳು. ಆ ಪರೀಕ್ಷೆಯೂ ಸುಳ್ಳಲ್ಲ.

ಇನ್ನೊಂದು ಮಾತು. ಬಿಸಿಲಲ್ಲಿ ಕಾದ ಕಾಳನ್ನು ಹಾಗೇ ಚೀಲಕ್ಕೆ ತುಂಬಬೇಡಿ. ಬಿಸಿ ಕಾಳು ರಾತ್ರಿ ತಣ್ಣಗಾಗುವಾಗ ಚೀಲದ ಅಂಚಿನಲ್ಲಿ ಬೆವರುತ್ತದೆ. ಸಂಜೆ ನೆರಳಿಗೆ ಎಳೆದು, ಆರಿಸಿ, ಇಬ್ಬನಿ ಬೀಳುವ ಮುಂಚೆ ತುಂಬಿ. ರಸ್ತೆ ಮೇಲೆ ಒಣಗಿಸುವ ಅಭ್ಯಾಸ ಬಿಡಿ. ಕತ್ತಲಲ್ಲಿ ಆ ರಾಶಿ ಹತ್ತಿ ಬೈಕಿನವರು ಬೀಳುತ್ತಾರೆ. ಟಾರ್ಪಾಲು ಹಾಸಿ ಕಣದಲ್ಲೇ ಒಣಗಿಸೋಣ.

ಚೀಲ ಜೋಡಿಸುವ ರೀತಿ

ಚೀಲ ನೆಲಕ್ಕೆ, ಗೋಡೆಗೆ ತಾಗಬಾರದು. ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಸಿಮೆಂಟ್ ಇಟ್ಟಿಗೆ, ಅದರ ಮೇಲೆ ಹಲಗೆ. ಚನ್ನಗಿರಿ ಕಡೆಯವರಿಗೆ ಅಡಿಕೆ ದಬ್ಬೆ ಸುಲಭವಾಗಿ ಸಿಗುತ್ತದೆ, ಅದು ಗಟ್ಟಿ, ಗಾಳಿಯೂ ಆಡುತ್ತದೆ. ಒಟ್ಟು ಎತ್ತರ ಐದಾರು ಇಂಚು ಇರಲಿ, ಕೆಳಗೆ ಕಸಬರಿಗೆ ಹೋಗಬೇಕು. ಗೋಡೆಯಿಂದ ಒಂದೂವರೆ ಎರಡು ಅಡಿ ಜಾಗ ಬಿಡಿ, ಒಬ್ಬರು ಓರೆಯಾಗಿ ನಡೆದು ಹೋಗುವಷ್ಟು. ಜಾಗ ದಂಡ ಅನ್ನಿಸುತ್ತದೆ, ನನಗೂ ಅನ್ನಿಸಿತ್ತು. ಆದರೆ ನಾವು ಹೋಗಿ ನೋಡಲು ಆಗದ ಕಡೆಯೇ ಬೂಷ್ಟು, ಇಲಿ, ಗೆದ್ದಲು ಮೂರೂ ಸೇರಿಕೊಳ್ಳುವುದು.

ಈರುಳ್ಳಿಯನ್ನು ಕಾಳಿನ ಜೊತೆ ಇಡಲೇಬೇಡಿ. ಚಿತ್ರದುರ್ಗ ಕಡೆಯ ನೆಂಟರ ಮನೆಯಲ್ಲಿ ಈ ತಪ್ಪು ನೋಡಿದ್ದೇನೆ. ಈರುಳ್ಳಿ ಉಸಿರಾಡುತ್ತಾ ನೀರು ಬಿಡುತ್ತಲೇ ಇರುತ್ತದೆ. ಅದಕ್ಕೆ ನಾಲ್ಕೂ ಕಡೆ ಗಾಳಿ ಬೇಕು, ತೇವವೂ 65–70 ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಒಣಗಿ ತೂಕ ಕಳೆದುಕೊಳ್ಳುತ್ತದೆ. ಕಾಳಿಗೆ ಬೇಕಾದದ್ದು ಮುಚ್ಚಿದ ಒಣ ಕೋಣೆ. ಇಬ್ಬರಿಗೂ ಒಂದೇ ಮನೆ ಆಗುವುದಿಲ್ಲ.

ಕಿಟಕಿ ಯಾವಾಗ ತೆಗೆಯಬೇಕು, ಯಾವಾಗ ಮುಚ್ಚಬೇಕು

‘ಕಿಟಕಿ ತೆಗಿಯಪ್ಪಾ, ಗಾಳಿ ಆಡ್ಲಿ’ ಅಂತ ಅವ್ವ ಹೇಳುತ್ತಿದ್ದಳು. ಎಲ್ಲ ಮನೆಯಲ್ಲೂ ಹೇಳುತ್ತಾರೆ. ಎಂಟು ತಿಂಗಳು ಆ ಮಾತು ಸರಿ. ಮಳೆಗಾಲದ ನಾಲ್ಕು ತಿಂಗಳಲ್ಲಿ ಅದೇ ಮಾತು ನಷ್ಟ ಮಾಡುತ್ತದೆ.

ಕಾರಣ ಇದು. ಬಿಸಿ ಗಾಳಿ ಜಾಸ್ತಿ ನೀರು ಹಿಡಿಯುತ್ತದೆ, ತಣ್ಣನೆ ಗಾಳಿ ಕಡಿಮೆ ಹಿಡಿಯುತ್ತದೆ. ಮೀಟರು ತೋರಿಸುವ ಶೇಕಡಾವಾರು ಆ ಬಿಸಿಯಲ್ಲಿ ಹಿಡಿಯಬಹುದಾದ ನೀರಿನಲ್ಲಿ ಎಷ್ಟು ಭಾಗ ತುಂಬಿದೆ ಅನ್ನುವುದನ್ನು ಮಾತ್ರ ಹೇಳುತ್ತದೆ. ಹಾಗಾಗಿ ಒಳಗಿನ ಶೇಕಡಾವನ್ನು ಹೊರಗಿನ ಶೇಕಡಾ ಜೊತೆ ನೇರವಾಗಿ ಹೋಲಿಸಬಾರದು. ನೀರಿನ ಗ್ರಾಂ ಹೋಲಿಸಬೇಕು.

ಒಂದು ಘನ ಮೀಟರ್ ಗಾಳಿ ಪೂರ್ತಿ ತುಂಬಿದರೆ ಹಿಡಿಯುವ ನೀರು ಹೀಗಿದೆ: 20 ಡಿಗ್ರಿಯಲ್ಲಿ 17.3 ಗ್ರಾಂ, 22ರಲ್ಲಿ 19.4, 24ರಲ್ಲಿ 21.8, 25ರಲ್ಲಿ 23, 26ರಲ್ಲಿ 24.4, 28ರಲ್ಲಿ 27.2, 30ರಲ್ಲಿ 30.4, 32ರಲ್ಲಿ 33.8, 35ರಲ್ಲಿ 39.6. ಇದನ್ನು ಒಂದು ಚೀಟಿಯಲ್ಲಿ ಬರೆದು ಸ್ಟೋರ್ ರೂಮಿನ ಬಾಗಿಲಿಗೆ ಅಂಟಿಸಿ. ನಮ್ಮ ಬಾಗಿಲ ಮೇಲೆ ಇದೆ.

ಈಗ ಜುಲೈನ ಒಂದು ಮಧ್ಯಾಹ್ನ ತಗೊಳ್ಳಿ. ಕೋಣೆಯೊಳಗೆ 25 ಡಿಗ್ರಿ, ಶೇ. 75. ಹೊರಗೆ 28 ಡಿಗ್ರಿ, ಶೇ. 72. ಹೊರಗೆ ಕಡಿಮೆ ಇದೆ, ತೆಗೆಯೋಣ ಅನ್ನಿಸುತ್ತದೆ ಅಲ್ವಾ? ಲೆಕ್ಕ ಹಾಕಿ. ಒಳಗೆ 23ರ ಶೇ. 75, ಅಂದರೆ 17.3 ಗ್ರಾಂ. ಹೊರಗೆ 27.2ರ ಶೇ. 72, ಅಂದರೆ 19.6 ಗ್ರಾಂ. ಹೊರಗಿನ ಗಾಳಿಯಲ್ಲೇ ನೀರು ಜಾಸ್ತಿ! ಅದು ಒಳಗೆ ಬಂದು 25 ಡಿಗ್ರಿಗೆ ತಣ್ಣಗಾದರೆ ತೇವ ಶೇ. 85 ಆಗುತ್ತದೆ. ನೆಲ 22 ಡಿಗ್ರಿ ಇದ್ದರೆ ಆ ಗಾಳಿ ಅಲ್ಲಿ ಬೆವರಾಗಿ ಕೂರುತ್ತದೆ. ಮಳೆಗಾಲದಲ್ಲಿ ಕಡಪ ಕಲ್ಲಿನ ನೆಲ ಸುಮ್ನೆ ಒದ್ದೆಯಾಗುವುದು ಇದರಿಂದಲೇ.

ಅದೇ ದಿನ ಬೆಳಿಗ್ಗೆ ಆರಕ್ಕೆ ಹೊರಗೆ 22 ಡಿಗ್ರಿ, ಶೇ. 88 ಇತ್ತು ಅನ್ನಿ. ಮೈಗೆ ತುಂಬಾ ಥಂಡಿ ಅನ್ನಿಸುತ್ತದೆ. ನೀರು ಮಾತ್ರ 17.1 ಗ್ರಾಂ, ಮಧ್ಯಾಹ್ನಕ್ಕಿಂತ ಕಡಿಮೆ. ತೆಗೆದರೆ ಲಾಭವಿಲ್ಲ, ನಷ್ಟವೂ ಇಲ್ಲ. ಮುಚ್ಚಿಟ್ಟಿರುವುದೇ ಒಳ್ಳೆಯದು.

ಮಳೆ ಹೊರಟು ಹೋದ ಮೇಲೆ, ನವೆಂಬರ್‌ನ ಒಂದು ಒಣ ದಿನ 26 ಡಿಗ್ರಿ, ಶೇ. 50 ಇದ್ದರೆ ಹೊರಗೆ 12.2 ಗ್ರಾಂ. ಆಗ ಬಾಗಿಲು, ಕಿಟಕಿ ಎಲ್ಲ ತೆಗೆಯಿರಿ, ಫ್ಯಾನೂ ಹಾಕಿ. ಮಾರ್ಚ್ ಮಧ್ಯಾಹ್ನ 35 ಡಿಗ್ರಿ, ಶೇ. 25 ಅಂದರೆ 10 ಗ್ರಾಂ ಕೂಡ ಇಲ್ಲ. ಗೋಡೆ ಒಣಗಿಸಲು ದೇವರು ಕೊಟ್ಟ ಕಾಲ ಅದು. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಸ್ಟೋರ್ ರೂಮನ್ನು ಮುಚ್ಚಿಡಬೇಡಿ.

ನಾನು ಇಟ್ಟುಕೊಂಡಿರುವ ನಿಯಮ: ಹೊರಗಿನ ನೀರು ಒಳಗಿನದ್ದಕ್ಕಿಂತ 2 ಗ್ರಾಂ ಆದರೂ ಕಡಿಮೆ ಇದ್ದರೆ ಮಾತ್ರ ತೆಗೆಯುವುದು. ಎಕ್ಸಾಸ್ಟ್ ಫ್ಯಾನಿಗೂ ಇದೇ ನಿಯಮ. ಅದು ಹೊರಹಾಕಿದಷ್ಟು ಗಾಳಿ ಎಲ್ಲಿಂದಾದರೂ ಒಳಗೆ ಬರಲೇಬೇಕು. ಅಡುಗೆಮನೆ, ಬಚ್ಚಲ ಕಡೆಯಿಂದ ಬಂದರೆ ಇನ್ನೂ ಕೆಟ್ಟದ್ದು. ಮುಚ್ಚುವ ಕಾಲಕ್ಕೆ ಸರಿಯಾಗಿ ಮುಚ್ಚಿ. ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಬಡಿಯಿರಿ, ಕಿಟಕಿ ಚೌಕಟ್ಟಿನ ಬಿರುಕು ತುಂಬಿ. ಇಲಿಯೂ ತಪ್ಪುತ್ತದೆ.

ಸುಣ್ಣ, ಉಪ್ಪು, ಇದ್ದಿಲು, ಸಿಲಿಕಾ ಜೆಲ್

ಬಟ್ಟಲಲ್ಲಿ ಕಲ್ಲುಪ್ಪು ಇಟ್ಟರೆ ತೇವ ಹೀರುತ್ತದೆ ಅಂತ ಹೇಳುವವರಿದ್ದಾರೆ. ಮೀಟರ್ ಪರೀಕ್ಷೆ ನೆನಪಿಸಿಕೊಳ್ಳಿ. ಉಪ್ಪು ನೀರು ಹೀರುವುದು ಶೇ. 75ರ ಮೇಲೆ ಮಾತ್ರ. ನಮಗೆ ಬೇಕಾದ 60ಕ್ಕೆ ಅದು ಎಂದೂ ಇಳಿಸುವುದಿಲ್ಲ. ಇದ್ದಿಲು ವಾಸನೆ ತೆಗೆಯುತ್ತದೆ, ಇಡೀ ಕೋಣೆಯ ತೇವಕ್ಕೆ ಅದರಿಂದ ಆಗುವುದು ಬಹಳ ಕಡಿಮೆ.

ಸುಟ್ಟ ಸುಣ್ಣದ ಕಲ್ಲು ನಿಜವಾಗಿ ಕೆಲಸ ಮಾಡುತ್ತದೆ. ಒಂದು ಕೆ.ಜಿ. ಕಲ್ಲು ಸುಮಾರು 320 ಗ್ರಾಂ ನೀರು ಹಿಡಿದು ಪುಡಿಯಾಗುತ್ತದೆ. ಮಣ್ಣಿನ ಮಡಕೆಗೆ ಅರ್ಧದಷ್ಟು ಮಾತ್ರ ತುಂಬಿ, ಯಾಕೆಂದರೆ ಅದು ಉಬ್ಬುತ್ತದೆ. ಚೀಲದಿಂದ ದೂರ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಅದರ ಮೇಲೆ ನೀರು ಬಿದ್ದರೆ ಕುದಿಯುವಷ್ಟು ಬಿಸಿಯಾಗುತ್ತದೆ, ಕಣ್ಣಿಗೆ ಹಾರಿದರೆ ಕಣ್ಣೇ ಹೋಗಬಹುದು. ಸೋರುವ ಕೋಣೆಯಲ್ಲಂತೂ ಇಡಲೇಬೇಡಿ. ಅಂಗಡಿಯಲ್ಲಿ ಸಿಗುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಇನ್ನೂ ಜಾಸ್ತಿ ಹೀರುತ್ತದೆ, ಕೆಳಗೆ ನೀರು ಕೂಡುತ್ತದೆ. ಬೀರುವಿಗೆ ಒಳ್ಳೆಯದು. ದೊಡ್ಡ ಕೋಣೆಗೆ ತಿಂಗಳಿಗೆ ಎಷ್ಟು ಡಬ್ಬಿ ಬೇಕು ಅಂತ ಲೆಕ್ಕ ಹಾಕಿದರೆ ಜೇಬು ಒಪ್ಪುವುದಿಲ್ಲ.

ಬೀಜ, ಪಹಣಿ, ಕ್ರಯಪತ್ರ, ರೇಷ್ಮೆ ಸೀರೆ ಇಂಥವಕ್ಕೆ ಇಡೀ ಕೋಣೆ ಒಣಗಿಸುವುದು ಬೇಡ. ಡಬ್ಬಿ ಒಣಗಿಸಿ. ಗಟ್ಟಿ ಮುಚ್ಚಳದ ಡ್ರಮ್ಮೋ ಡಬ್ಬಿಯೋ, ಒಳಗೆ ಬಟ್ಟೆ ಗಂಟಿನಲ್ಲಿ ಸಿಲಿಕಾ ಜೆಲ್. ಕಿತ್ತಳೆ ಬಣ್ಣದ ಹರಳು ತಗೊಳ್ಳಿ, ತೇವ ತುಂಬಿದಾಗ ಹಸಿರಾಗುತ್ತದೆ. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಕಿತ್ತಳೆ. ಆ ಬಾಣಲೆ ಅಡುಗೆಗೆ ಬೇಡ. ನೀಲಿ ಹರಳಿನಲ್ಲಿ ಕೋಬಾಲ್ಟ್ ಇರುತ್ತದೆ, ವಿಷ. ತಿನ್ನುವ ಕಾಳಿನ ಹತ್ತಿರ ತರಬೇಡಿ.

ಬೇವಿನ ಸೊಪ್ಪು ಹಾಕುವವರು ನೆರಳಲ್ಲಿ ಪೂರ್ತಿ ಒಣಗಿಸಿಯೇ ಹಾಕಿ. ಹಸಿ ಸೊಪ್ಪು ಹಾಕಿದರೆ ಚೀಲಕ್ಕೆ ನೀರು ಹಾಕಿದ ಹಾಗೇ.

ಮಷಿನ್ ಬೇಕೇ?

ಹೊರಗಿನ ಕೆಲಸ, ಕಾಳು, ಕಿಟಕಿ ಮೂರೂ ಸರಿಯಾದ ಮೇಲೂ ತೇವ 70ರ ಕೆಳಗೆ ಬರದಿದ್ದರೆ ಡಿಹ್ಯುಮಿಡಿಫೈಯರ್ ನೋಡಬಹುದು. ನಮ್ಮಷ್ಟು ಕೋಣೆಗೆ ದಿನಕ್ಕೆ 10–12 ಲೀಟರ್ ತೆಗೆಯುವ ಮಷಿನ್ ಧಾರಾಳ. 200 ವ್ಯಾಟ್ ಮಷಿನ್ ಎಂಟು ಗಂಟೆ ಓಡಿದರೆ 1.6 ಯೂನಿಟ್ ಕರೆಂಟು. ಬಾಗಿಲು ಮುಚ್ಚಿರಬೇಕು, 60ಕ್ಕೆ ಸೆಟ್ ಮಾಡಬೇಕು, ನೀರಿನ ಪೈಪು ಹೊರಗೆ ಬಿಡಬೇಕು. ನನ್ನ ಅಭಿಪ್ರಾಯದಲ್ಲಿ ಪೇಟೆಯ ಬಟ್ಟೆ ಅಂಗಡಿ, ಔಷಧಿ ಗೋಡೌನಿಗೆ ಇದು ಸರಿ. ರೈತರ ಮನೆಗೆ ಅದೇ ದುಡ್ಡಲ್ಲಿ ಸೂರಿನ ದೋಣಿ, ಕಲ್ಲು ಹಾಸು ಎರಡೂ ಆಗುತ್ತವೆ. ಬುಡದಿಂದ ನೀರು ಏರುವ ಗೋಡೆ ಇರುವಾಗ ಮಷಿನ್ ಇಟ್ಟರೆ ಅದು ಭೂಮಿಯ ನೀರನ್ನು ಎಳೆಯುತ್ತಾ ಕೂರುತ್ತದೆ. ಏರ್ ಕೂಲರ್ ಅಂತೂ ಬೇಡವೇ ಬೇಡ, ಅದು ನೀರನ್ನೇ ಗಾಳಿಗೆ ಹಾಕುವುದು.

ಹಗೇವು ಹೇಳಿಕೊಟ್ಟದ್ದು

ನಮ್ಮ ಅಜ್ಜನ ಕಾಲದಲ್ಲಿ ಮನೆ ಮುಂದೆ ಹಗೇವು ಇತ್ತು. ನೆಲದೊಳಗೆ ತೋಡಿದ ಕೋಣೆ, ಸುತ್ತ ಒಣ ಹುಲ್ಲು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಮುಗಿಯಿತು. ರಾಗಿ, ಜೋಳ ವರ್ಷಗಟ್ಟಲೆ ಇರುತ್ತಿತ್ತು. ಒಳಗಿನ ಗಾಳಿಯ ಆಮ್ಲಜನಕವನ್ನು ಕಾಳು, ಹುಳವೇ ಬಳಸಿ ಮುಗಿಸುತ್ತವೆ, ಆಮೇಲೆ ಹುಳ ಬದುಕುವುದಿಲ್ಲ. ಅದಕ್ಕೇ ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ದೀಪ ಇಳಿಬಿಟ್ಟು ನೋಡುತ್ತಿದ್ದರು. ಹಳೇ ಹಗೇವು ಇರುವ ಮನೆಯವರು ದೀಪ ಉರಿಯಿತು ಅಂತಲೂ ಇಳಿಯಬೇಡಿ, ಜೀವ ಹೋಗುತ್ತದೆ. ನಾಲೆ ನೀರು ಬಂದು ನೆಲ ಹಸಿಯಾದ ಮೇಲೆ ನಮ್ಮ ಹಗೇವನ್ನು ಮುಚ್ಚಿಬಿಟ್ಟರು.

ಈಗ ಸಿಗುವ ಗಾಳಿಯಾಡದ ಪದರದ ಚೀಲಗಳು ಮಾಡುವುದೂ ಅದೇ ಕೆಲಸ. ಚೆನ್ನಾಗಿ ಒಣಗಿದ ಕಾಳು ತುಂಬಿ, ಗಾಳಿ ಒತ್ತಿ ತೆಗೆದು, ಬಾಯಿ ತಿರುಚಿ ಕಟ್ಟಿದರೆ ಹೊರಗಿನ ತೇವ ಎಷ್ಟಿದ್ದರೂ ಒಳಗೆ ಬರುವುದಿಲ್ಲ. ಹಸಿ ಕಾಳು ತುಂಬಿದರೆ ಆ ನೀರು ಹೊರಗೂ ಹೋಗುವುದಿಲ್ಲ, ಇಡೀ ಚೀಲ ಕೊಳೆಯುತ್ತದೆ. ಬಿತ್ತನೆ ಬೀಜಕ್ಕೆ, ಮನೆಬಳಕೆಯ ಬೇಳೆಗೆ ನಾನು ಈಗ ಇವನ್ನೇ ಬಳಸುತ್ತೇನೆ.

ವಾರಕ್ಕೊಮ್ಮೆ ನೋಡುವುದು, ಬೂಷ್ಟು ಕಂಡರೆ ಮಾಡುವುದು

ಮಳೆಗಾಲದಲ್ಲಿ ವಾರಕ್ಕೊಂದು ದಿನ ಗೊತ್ತು ಮಾಡಿಕೊಳ್ಳಿ. ನಮ್ಮಲ್ಲಿ ಸೋಮವಾರ. ಬಾಗಿಲು ತೆಗೆದ ಕೂಡಲೇ ಬರುವ ವಾಸನೆ ಗಮನಿಸಿ, ಎರಡು ನಿಮಿಷವಾದರೆ ಮೂಗಿಗೆ ಅಭ್ಯಾಸವಾಗಿ ಗೊತ್ತೇ ಆಗುವುದಿಲ್ಲ. ಗೋಡೆ ಕಡೆಯ, ಕೆಳಗಿನ ಸಾಲಿನ ಎರಡು ಮೂರು ಚೀಲದೊಳಗೆ ಮೊಣಕೈವರೆಗೆ ಕೈ ತೂರಿಸಿ. ಕಾಳು ತಣ್ಣಗೆ ಜಾರಬೇಕು. ಬಿಸಿ ಅನ್ನಿಸಿದರೆ, ಗಂಟು ಗಂಟಾಗಿ ಸಿಕ್ಕರೆ ಆ ಚೀಲವನ್ನು ಅವತ್ತೇ ಹೊರಗೆ ತನ್ನಿ.

ಹುಳಕ್ಕೆ ಅಂತ ಗುಳಿಗೆ ಇಡುವ ಅಭ್ಯಾಸ ಮನೆಗಳಿಗೂ ಬಂದಿದೆ. ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಗಾಳಿಯ ತೇವ ತಾಗಿದರೆ ವಿಷದ ಗಾಳಿ ಬಿಡುತ್ತದೆ. ಮಲಗುವ ಕೋಣೆಗೆ ಅಂಟಿಕೊಂಡ ಸ್ಟೋರ್ ರೂಮಿನಲ್ಲಿ ಇಟ್ಟರೆ ರಾತ್ರಿ ಮನೆಯವರ ಜೀವಕ್ಕೇ ಅಪಾಯ. ಇದು ತರಬೇತಿ ಪಡೆದವರು ಗೋಡೌನಿನಲ್ಲಿ ಮಾಡುವ ಕೆಲಸ, ಮನೆಯಲ್ಲಿ ಬೇಡ.

ಬೂಷ್ಟು ಹಿಡಿದ ಕಾಳು ಸಿಕ್ಕರೆ ಮೂಗು ಬಾಯಿಗೆ ಬಟ್ಟೆಯೋ ಮಾಸ್ಕೋ ಕಟ್ಟಿಕೊಂಡು ಬೇರೆ ಮಾಡಿ. ಮೆಕ್ಕೆಜೋಳ, ಶೇಂಗಾ ಎರಡಕ್ಕೂ ಹಿಡಿಯುವ ಹಸಿರು ಬೂಷ್ಟು ಅಫ್ಲಾಟಾಕ್ಸಿನ್ ಅನ್ನುವ ವಿಷ ಬಿಡುತ್ತದೆ, ಅದು ಲಿವರಿಗೆ ಕೆಟ್ಟದ್ದು. ಬಿಸಿಲಿಗೆ ಹಾಕಿದರೆ ಬೂಷ್ಟು ಉದುರುತ್ತದೆ, ವಿಷ ಹೋಗುವುದಿಲ್ಲ. ಬೇಯಿಸಿದರೂ ಹೋಗುವುದಿಲ್ಲ. ಆ ವರ್ಷ ನಮ್ಮ ಏಳು ಚೀಲವನ್ನು ನೋಡಿ ಪಕ್ಕದ ಮನೆಯವರು ‘ಎಮ್ಮೆಗೆ ಹಾಕಣ್ಣ, ಯಾಕ್ ದಂಡ ಮಾಡ್ತೀಯ’ ಅಂದರು. ಎಮ್ಮೆ ತಿಂದರೆ ಆ ವಿಷ ಹಾಲಿಗೂ ಬರುತ್ತದೆ, ಹಾಲು ಕುಡಿಯುವುದು ಮನೆಯ ಮಕ್ಕಳು. ಹೊಲದ ಬದುವಿನಲ್ಲಿ ಗುಂಡಿ ತೋಡಿ ಏಳೂ ಚೀಲ ಸುರಿದು ಮಣ್ಣು ಮುಚ್ಚಿದೆ. ಖಾಲಿ ಗೋಣಿಚೀಲಗಳನ್ನು ಮತ್ತೆ ಬಳಸಲಿಲ್ಲ, ಸುಟ್ಟೆ. ಗೋಡೆಯ ಕಪ್ಪು ಕಲೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮಾರ್ಚ್‌ವರೆಗೆ ಒಣಗಲು ಬಿಟ್ಟು, ಯುಗಾದಿಗೆ ಮೊದಲು ಎರಡು ಸಲ ಸುಣ್ಣ ಬಳಿದೆವು.